ಒಂದು ರಂಜನಿ ಕೊಡ್ರಿ

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವವರು ಸಾವಿರ ಮಂದಿ. ಗಾಡಿಯ ಜೊತೆಗೆ ಹೆಸರನ್ನೂ ಬದಲಿಸುತ್ತಿದ್ದವಳು ಒಬ್ಬಳೇ. ಬೆಳಿಗ್ಗೆ ಶಹಾಬಾದದ ಮನೆ ಬಿಡುವಾಗ ಅವಳು ಶರಣಬಸಮ್ಮ. ವಾಡಿಯಲ್ಲಿ ಇಳಿದು, ಸೇಡಂ ಕಡೆಯ ಪ್ಯಾಸೆಂಜರ್ ಹಿಡಿದು, ಚಿತ್ತಾಪುರದಲ್ಲಿ ಕಾಲಿಡುವ ಹೊತ್ತಿಗೆ ಶಿವರಂಜನಿ. ಸಂಜೆ ಮತ್ತೆ ವಾಡಿ, ಮತ್ತೆ ಶರಣಬಸಮ್ಮ. ಇದರಲ್ಲಿ ಕಳ್ಳತನವೇನೂ ಇರಲಿಲ್ಲ. ಎರಡೂ ಅವಳವೇ ಹೆಸರು. ಒಂದು ಅಪ್ಪ ಇಟ್ಟದ್ದು, ಇನ್ನೊಂದು ಅತ್ತೆ ಇಟ್ಟದ್ದು. ಯಾವುದರಿಂದ ಕರೆಯೋಣ ಎಂದು ಯಾರಾದರೂ ಕೇಳಿದ್ದರೆ ಮೊದಲನೆಯದನ್ನೇ ಹೇಳುತ್ತಿದ್ದಳು, ಆದರೆ ಯಾರೂ ಕೇಳಿರಲಿಲ್ಲ. ಈ ಕತೆಯಲ್ಲಾದರೂ ಅವಳು ರಂಜನಿಯಾಗಿಯೇ ಇರಲಿ.

ಆ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯಾಗಿ ಬಂದ ಹುಡುಗಿಗೆ ಹೊಸ ಹೆಸರಿಡುವ ಪದ್ಧತಿ ಇದೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು ಬರೆಸುತ್ತಾರೆ. ಸೀರೆ ಹೊಸದು, ಮನೆ ಹೊಸದು, ಹೆಸರೂ ಹೊಸದು. ಹಳೆಯದೆಂದು ಉಳಿಯುವುದು ಒಲೆಯ ಮುಂದಿನ ಕೆಲಸವೊಂದೇ, ಅದು ಯಾವ ಮನೆಯಲ್ಲಾದರೂ ಅಷ್ಟೇ. ಸಿದ್ಧಲಿಂಗ ಅಂದು ಕಿವಿಯೆಲ್ಲ ಕೆಂಪಾಗಿಸಿಕೊಂಡು ಅಕ್ಕಿಯಲ್ಲಿ ‘ಶರಣಬಸಮ್ಮ’ ಎಂದು ಬರೆದ. ಆ ಹೆಸರನ್ನು ಆರಿಸಿದವಳು ಅವನ ತಾಯಿ ಅಮೃತಮ್ಮ. ಬರೆದದ್ದನ್ನು ನೋಡುತ್ತ ಅಮೃತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಾಗ, ಸೊಸೆ ಬಂದ ಸಂತೋಷವಿರಬೇಕು ಎಂದುಕೊಂಡಿದ್ದಳು ರಂಜನಿ.

ಸಂಗತಿ ಗೊತ್ತಾದದ್ದು ಆಮೇಲೆ. ಸಿದ್ಧಲಿಂಗನಿಗಿಂತ ಚಿಕ್ಕವಳೊಬ್ಬ ತಂಗಿ ಇದ್ದಳಂತೆ, ಶರಣಬಸಮ್ಮ. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದಳು. ಬರುವ ಸೊಸೆಗೆ ಅದೇ ಹೆಸರಿಡುತ್ತೇನೆ, ಈ ಮನೆಯಲ್ಲಿ ಆ ಹೆಸರು ಅಳಿಯಬಾರದು ಎಂದು ಅಮೃತಮ್ಮ ಅಂದೇ ಹರಕೆ ಹೊತ್ತಿದ್ದಳು. ಹೀಗಾಗಿ ಹದಿನೈದು ವರ್ಷಗಳಿಂದ ಆ ಮನೆಯಲ್ಲಿ ಬೆಳಗಾದರೆ “ಶರಣೂ, ಎದ್ದಿಯೇನ?” ಕತ್ತಲಾದರೆ “ಶರಣೂ, ಉಂಡಿಯೇನ?” ಅತ್ತೆ ಎಂದರೆ ಹಲ್ಲು ಕಡಿಯುವವಳು ಎಂದು ಕೇಳಿ ಬೆಳೆದಿದ್ದ ರಂಜನಿಗೆ ಸಿಕ್ಕಿದ್ದು ಇಂಥ ಅತ್ತೆ. ದೂರಲು ಏನೂ ಇರಲಿಲ್ಲ. ಆದರೂ ಆ ಅಕ್ಕರೆ ತನ್ನದಲ್ಲ ಎಂದು ಒಳಗೊಳಗೇ ಕೊರೆಯುತ್ತಿತ್ತು. ಯಾರದೋ ಅಂಗಿ ನೇತುಹಾಕಲು ಗೋಡೆಗೆ ಹೊಡೆದ ಗೂಟದಂತೆ ತಾನು ಎಂದುಕೊಳ್ಳುತ್ತಿದ್ದಳು.

ಅವಳ ಹೆಸರಿಗೂ ಒಂದು ತವರಿತ್ತು. ಕಾಳಗಿಯ ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಅಪ್ಪ ತನಗೆ ಬಹಳ ಹಿಡಿಸಿದ ರಾಗದ ಹೆಸರನ್ನು ಮಗಳಿಗೆ ಇಟ್ಟಿದ್ದ. ಅವ್ವನಿಗೆ ಅಷ್ಟುದ್ದ ಕರೆಯಲು ಪುರಸೊತ್ತಿಲ್ಲ, “ರಂಜೂ” ಎನ್ನುತ್ತಿದ್ದಳು. ಅಪ್ಪ ಮೊದಲು ಹೋದ, ಅವ್ವನೂ ಹೋದಳು. ಈಗ ತವರಿಗೆ ಹೋದರೆ ಅಣ್ಣ ಅತ್ತಿಗೆಯರು ಅವಳನ್ನು ‘ಶಹಾಬಾದದಾಕಿ’ ಎನ್ನುತ್ತಾರೆ. ಚಿಂಚೋಳಿ ಕಡೆಯ ವಸತಿ ಶಾಲೆಯಲ್ಲಿ ಓದುವ ಮಗಳಿಗೆ ಅವ್ವನ ಇನ್ನೊಂದು ಹೆಸರೇ ಗೊತ್ತಿಲ್ಲ. ಸಿದ್ಧಲಿಂಗನಂತೂ ಆ ಭಾಗದ ಎಲ್ಲ ಗಂಡಂದಿರಂತೆ “ಏ” ಎನ್ನುವುದರಲ್ಲೇ ಸಂಸಾರ ನಡೆಸಿದವನು. ರಂಜೂ ಎನ್ನುವ ಮಂದಿ ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ.

ಚಿತ್ತಾಪುರದಲ್ಲಿ ಹೆಂಗಸರಿಗೆ ಸ್ವಂತ ಉದ್ಯೋಗ ಹೂಡುವುದನ್ನು ಕಲಿಸುವ ತರಬೇತಿ ಶುರುವಾಗಿದೆ ಎಂದು ಸುದ್ದಿ ತಂದವಳು ವಾಡಿಯ ನೂರಜಹಾನ್, ರಂಜನಿಯ ಗೆಳತಿ. ಅವಳು ಬ್ಲೌಸು ಹೊಲಿಯುವವಳು, ಅಂಗಡಿ ಹಾಕುವ ಆಸೆ. ನಿಮ್ಮ ಮನೆಯ ಹಿಂಡಿಯಂಥ ಚಟ್ನಿಪುಡಿ ಎಲ್ಲೂ ಸಿಗುವುದಿಲ್ಲ, ಬಾ, ಹೋಗೋಣ ಎಂದಳು. ಅದು ಉತ್ಪ್ರೇಕ್ಷೆಯಲ್ಲ. ಶೇಂಗಾ, ಅಗಸಿ, ಕಾರೆಳ್ಳು ಯಾವುದೇ ಇರಲಿ, ಅಮೃತಮ್ಮ ಹದವಾಗಿ ಹುರಿದು, ಬೆಳ್ಳುಳ್ಳಿ ಖಾರ ಸೇರಿಸಿ ಒರಳಿನಲ್ಲಿ ಕುಟ್ಟಿದ ಹಿಂಡಿ ಇದ್ದರೆ ರೊಟ್ಟಿಗೆ ಪಲ್ಯ ಬೇಡ. ಆ ಕೈ ರಂಜನಿಗೂ ಬಂದಿತ್ತು. ಹೋಗಿ ಬಾ ಎಂದು ಮೊದಲು ಹೇಳಿದವಳೂ ಅಮೃತಮ್ಮನೇ. ಸಿದ್ಧಲಿಂಗ ಕಲ್ಲಿಗೆ ಪಾಲಿಶ್ ಹಿಡಿಯುವ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬರುವವನು, ಅವ್ವ ಹೂಂ ಎಂದ ಮೇಲೆ ಅವನೂ ಹೂಂ ಎಂದ.

ಕಲಿಸುವ ಮೇಡಂ ಗುಂಡಗುರ್ತಿಯ ಲುಂಬಿನಿ, ರಂಜನಿಗಿಂತ ಚಿಕ್ಕವಳು. ಹಿಂದೆ ತಾನೇ ಹಪ್ಪಳದ ಧಂದೆ ಹೂಡಿ ಕೈ ಸುಟ್ಟುಕೊಂಡವಳು. ಅದನ್ನು ಮುಚ್ಚಿಡದೆ, ಎಲ್ಲಿ ತಪ್ಪಿದೆ ಎಂದು ನಗುತ್ತಲೇ ಹೇಳುತ್ತಿದ್ದುದರಿಂದ ಅವಳ ಮಾತು ಹೆಂಗಸರಿಗೆ ನಾಟುತ್ತಿತ್ತು. ಮೊದಲನೆಯ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು ಕೇಳಿದಳು. ಒಬ್ಬಳು ಇಂಥವನ ಅವ್ವ ಎಂದಳು, ಇನ್ನೊಬ್ಬಳು ಇಂಥ ಗೌಡರ ಮನೆಯಾಕಿ ಎಂದಳು, ಕಾಗಿಣಾ ದಂಡೆಯ ಮಳಖೇಡದಿಂದ ಬಂದ ಮರೆಮ್ಮ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಅದಲ್ರಿ. ಯಾರ ಅವ್ವ, ಯಾರ ಹೇಣ್ತಿ ಅಂತ ನಾ ಕೇಳ್ಲಿಕತ್ತಿಲ್ಲ,” ಎಂದಳು ಲುಂಬಿನಿ. “ನೀವು ಹುಟ್ಟಿದಾಗ ನಿಮಗ ಏನಂತ ಕರದ್ರು, ಅದು ಹೇಳ್ರಿ.”

ರಂಜನಿಯ ಸರದಿ ಬಂತು. ಎದ್ದು ನಿಂತಳು. ಹದಿನೈದು ವರ್ಷ ಬಾಯಿಗೆ ಬಾರದ ಹೆಸರು ತಾನಾಗಿಯೇ ಬಂತು. ಪಕ್ಕದಲ್ಲಿದ್ದ ನೂರಜಹಾನ್, ಇಷ್ಟು ಚೆಂದದ ಹೆಸರನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಎಂದು ತೊಡೆ ಚಿವುಟಿದಳು.

ಆಮೇಲಿನ ದಿನಗಳಲ್ಲಿ ರಂಜನಿ ಕಲಿತದ್ದು ಬಹಳ. ಮಾಲು ಎಲ್ಲಿ ತರಬೇಕು, ಕೆಡದಂತೆ ಹೇಗೆ ಕಟ್ಟಬೇಕು, ತನ್ನ ದುಡಿತಕ್ಕೂ ಕೂಲಿ ಹಿಡಿಯಬೇಕು, ಅಂಗಡಿಯವನು ಉದ್ರಿ ಕೇಳಿದರೆ ನಗುತ್ತಲೇ ಹೇಗೆ ಇಲ್ಲ ಎನ್ನಬೇಕು. ಎಲ್ಲವನ್ನೂ ಮನಸ್ಸಿಟ್ಟು ಕಲಿತಳು. ಆದರೆ ನಿಜ ಹೇಳಬೇಕೆಂದರೆ, ಅವಳು ಅಷ್ಟು ದೂರದಿಂದ ಎರಡು ಗಾಡಿ ಹತ್ತಿ ಬರುತ್ತಿದ್ದುದು ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರು ಕೇಳುವುದಕ್ಕೆ. ಒಂದು ದಿನವೂ ತಪ್ಪಿಸಲಿಲ್ಲ.

ತರಬೇತಿ ಮುಗಿಯುತ್ತ ಬಂದಾಗ ಲುಂಬಿನಿ, ನಿಮ್ಮ ಮಾಲಿಗೆ ಒಂದು ಹೆಸರಿಡಿ ಎಂದಳು. ಹೆಂಗಸರು ಕೂಡಲೇ ದೇವರನ್ನು ಹಿಡಿದರು. ಒಬ್ಬಳಿಗೆ ಬಸವಣ್ಣ, ಒಬ್ಬಳಿಗೆ ಲಕ್ಷ್ಮಿ, ಇಬ್ಬರಿಗೆ ಒಬ್ಬನೇ ವೆಂಕಟೇಶ್ವರ ಬೇಕಾಗಿ ಜಗಳವಾಯಿತು. ದೇವರಿಗೆ ಬಿಡುವು ಕೊಡಿ, ಹಿಂಡಿ ಹಳಸಿದರೆ ಜನ ಯಾರನ್ನು ಬೈಯಬೇಕು, ರುಚಿಯಾದರೆ ಯಾರನ್ನು ನೆನೆಯಬೇಕು, ಅವರ ಹೆಸರಿಡಿ ಎಂದಳು ಲುಂಬಿನಿ. ಅಂದು ವಾಪಸು ಬರುವ ಗಾಡಿಯಲ್ಲಿ ರಂಜನಿ ಕಿಟಕಿಯ ಪಕ್ಕ ಕುಳಿತು ಒಂದೇ ಸಮನೆ ಯೋಚಿಸಿದಳು. ಸೇಡಮ್ಮಿನಲ್ಲೋ ಚಿಂಚೋಳಿಯಲ್ಲೋ ಒಂದು ಕಿರಾಣಿ ಅಂಗಡಿ. ಅವಳನ್ನು ಎಂದೂ ಕಾಣದ ಯಾರೋ ಬಂದು ನಿಂತು, “ಒಂದು ರಂಜನಿ ಕೊಡ್ರಿ” ಎನ್ನುತ್ತಾರೆ. ಅಷ್ಟೇ. ಬಂಗಲೆ ಬೇಡ, ಬಂಗಾರ ಬೇಡ, ಅಪ್ಪ ಇಟ್ಟ ಹೆಸರನ್ನು ನಾಕು ಮಂದಿ ಆಡಿದರೆ ಸಾಕು.

‘ರಂಜನಿ ಹಿಂಡಿ’ ಎಂದೇ ನಿಶ್ಚಯವಾಯಿತು. ಸಿದ್ಧಲಿಂಗನಿಗೆ ಹೇಳಿದಾಗ, “ಅವ್ವಗ ಕೇಳೀದಿಯೇನ?” ಎಂದ. ನೀವೇ ಒಂದು ಮಾತು ಹೇಳಿ ಎಂದರೆ, ನೋಡೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕೆಲಸಕ್ಕೆ ಹೋದ. ನಾಳೆ ಹೇಳಿದರಾಯಿತು, ನಾಳಿದ್ದು ಹೇಳಿದರಾಯಿತು ಎಂದು ರಂಜನಿಯೂ ಮುಂದೂಡಿದಳು. ಅಷ್ಟರಲ್ಲಿ ವಾಡಿಯ ಪ್ರೆಸ್ಸಿನಿಂದ ಲೇಬಲ್ಲುಗಳ ಕಟ್ಟನ್ನು ಎತ್ತಿಕೊಂಡು ನೂರಜಹಾನ್ ನೇರವಾಗಿ ಮನೆಗೇ ಬಂದಳು. ರಂಜನಿ ನೀರಿಗೆ ಹೋಗಿದ್ದಳು, ಕಟ್ಟೆಯ ಮೇಲೆ ಅಮೃತಮ್ಮ ಕುಳಿತಿದ್ದಳು.

“ದೇಖೋ ಅಮ್ಮಾ, ನಿಮ್ಮ ಸೊಸಿ ಹೆಸರು ಎಷ್ಟ್ ಚಂದ ಬಂದದ,” ಎಂದು ನೂರಜಹಾನ್ ಒಂದು ಲೇಬಲ್ಲನ್ನು ಅವಳ ಕೈಗಿಟ್ಟಳು.

ಅಮೃತಮ್ಮನಿಗೆ ಓದು ಬಾರದು. ಸೊಸೆಯ ಹೆಸರು ಎಂದರೆ ಅವಳಿಗೆ ಒಂದೇ ಹೆಸರು. ರಂಜನಿ ಕೊಡ ಹೊತ್ತು ಬರುವಷ್ಟರಲ್ಲಿ ಮುದುಕಿ ಕೆಂಪು ಅಕ್ಷರಗಳ ಮೇಲೆ ಬೆರಳಾಡಿಸುತ್ತ ಅಳುತ್ತಿದ್ದಳು, ನಗುತ್ತಿದ್ದಳು. ನೂರಜಹಾನ್ ತಾನೇನೋ ಒಳ್ಳೆಯದು ಮಾಡಿದೆನೆಂದು ಖುಷಿಯಿಂದ ಚಹಾ ಕುಡಿಯುತ್ತಿದ್ದಳು.

“ಆಕಿ ಹೆಸರು ಎಲ್ಲೀನೂ ಬರ್ದಿದ್ದಿಲ್ಲ ನೋಡವಾ,” ಎಂದಳು ಅಮೃತಮ್ಮ. “ಸಣ್ಣ ಕೂಸಿನ ಗೋರಿಗಿ ಯಾರು ಹೆಸರು ಬರಸ್ತಾರ. ಆಕಿಗಿ ಸೇಡಂ ನೋಡ್ಬೇಕಂತ ಭಾಳ ಇತ್ತು. ರೈಲು ಹೋದಾಗೆಲ್ಲ ಕೇಳ್ತಿದ್ಳು. ಈಗ ಸೇಡಮ್ಮಿಗೀ ಹೋಗ್ತಾಳ, ಚಿಂಚೋಳಿಗೀ ಹೋಗ್ತಾಳ.”

ರಂಜನಿ ಕೊಡ ಇಳಿಸುವುದನ್ನೂ ಮರೆತು ನಿಂತಳು. ಬಾಯಿಯಲ್ಲಿ ಬಿಸಿತುಪ್ಪ ಇಟ್ಟುಕೊಂಡಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಂದು ಹೇಳಲಿಲ್ಲ. ಮರುದಿನ ಅಮೃತಮ್ಮ ಓಣಿಯ ಮನೆಮನೆಗೂ ಹೋಗಿ ಲೇಬಲ್ಲು ತೋರಿಸಿ ಬಂದಳು. ಓದಲು ಬರುವವರು ಓದಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮುದುಕಿಯ ಸಂತೋಷ ನೋಡಿ ಸುಮ್ಮನಾದರು. ಊರೆಲ್ಲ ಸೇರಿ ಬಚ್ಚಿಟ್ಟ ಹಾಗಾಯಿತು.

ರಂಜನಿಗೆ ಸಿಟ್ಟೂ ಬಂತು, ಅದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಹೆಸರು ಕೇಳಿದ್ದೆ, ಅದೂ ಆ ಹುಡುಗಿಗೇ ಹೋಗಬೇಕೇ ಎಂದು ಮೆಣಸಿನಕಾಯಿ ಕುಟ್ಟುವಾಗ ಕಣ್ಣೀರು ಸುರಿಸಿದಳು. ಖಾರದ ನೆಪ ಸಿಕ್ಕಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬಂದಾಗಲೂ ಅದರಲ್ಲಿ ಅತ್ತೆಯ ಮಗಳು ಬಂದು ಕುಳಿತಿದ್ದಳು. ಸುಮ್ಮನಿದ್ದುಬಿಟ್ಟರೆ ಏನು ಹೋಗುತ್ತದೆ, ಓದಲು ಬಾರದ ಮುದುಕಿ ಹೀಗೇ ಸಂತೋಷವಾಗಿರಲಿ ಎಂದೂ ಅನಿಸಿತು. ಹಾಗೆಯೇ ಸುಮ್ಮನಿದ್ದುಬಿಡುತ್ತಿದ್ದಳೋ ಏನೋ. ಆದರೆ ಮಾಲು ಸೇಡಮ್ಮಿಗೆ ಹೊರಡುವ ಮೊದಲಿನ ಅಮಾವಾಸ್ಯೆಗೆ ಅಮೃತಮ್ಮ ಹಿಂಡಿಯ ಒಂದು ಪಾಕೀಟನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಡಿ, ಶರಣೂನ ಗೋರಿಗೆ ಇಟ್ಟು ಬರೋಣ ಎಂದಳು.

ಗೋರಿ ಇದ್ದದ್ದು ಊರ ಹೊರಗೆ, ನೀರು ತುಂಬಿ ನಿಂತ ಹಳೆಯ ಕಲ್ಲುಗಣಿಯ ಆಚೆ. ಒಂದು ಪರ್ಸಿ ಕಲ್ಲಿನ ಚಪ್ಪಡಿ ಮುಚ್ಚಿದ್ದರು, ಅದರ ಸುತ್ತ ಹುಲ್ಲು. ಅಮೃತಮ್ಮ ವಿಭೂತಿ ಹಚ್ಚಿ, ಹೂವಿಟ್ಟು, ಪಾಕೀಟನ್ನು ಅಕ್ಷರ ಮೇಲೆ ಬರುವಂತೆ ಇಟ್ಟಳು. ಸತ್ತ ಕೂಸಿನ ಎದೆಯ ಮೇಲೆ ತನ್ನ ಹೆಸರು ಇದ್ದದ್ದನ್ನು ರಂಜನಿ ಕಂಡಳು. ಇನ್ನು ಸುಮ್ಮನಿರಲು ಆಗಲಿಲ್ಲ.

“ಅತ್ತಿ, ಅದರ ಮ್ಯಾಲ ಆಕಿ ಹೆಸರಿಲ್ರಿ. ನನ್ನ ಹೆಸರದ.”

“ನಿನ್ನ ಹೆಸರಂದ್ರ ಅದೇ ಅಲ್ಲೇನವಾ?”

“ಅಲ್ರಿ. ರಂಜನಿ. ನಮ್ಮಪ್ಪ ಇಟ್ಟಿದ್ದು.”

ಅಮೃತಮ್ಮ ಬೈಯಲಿಲ್ಲ, ಅಳಲಿಲ್ಲ. ಪಾಕೀಟನ್ನು ಎತ್ತಿ, ಅದಕ್ಕೆ ಹತ್ತಿದ ಮಣ್ಣು ಒರೆಸಿ, ಸೊಸೆಯ ಕೈಗೆ ಕೊಟ್ಟಳು. ಬೈದಿದ್ದರೆ ರಂಜನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಯ ಬಾಗಿಲಿಗೆ ಬಂದಾಗ ಮುದುಕಿ ಹೊಸ್ತಿಲ ಈಚೆಗೇ ನಿಂತಳು.

“ಹಂಗಾದ್ರ ಆಕಿ ಹೆಸರು ನನಗ ಹೊಳ್ಳಿ ಕೊಟ್ಟುಬಿಡು,” ಎಂದಳು. “ಎರಡೆರಡು ಹೆಸರು ತೊಗೊಂಡು ನೀ ಏನ್ ಮಾಡ್ತಿ.”

ಸೇಡಮ್ಮಿನ ಬಸ್‌ಸ್ಟ್ಯಾಂಡಿನ ಹತ್ತಿರ ಮುದಸ್ಸಿರನ ಕಿರಾಣಿ ಅಂಗಡಿ. ಲುಂಬಿನಿಯ ಮಾತಿನ ಮೇಲೆ ಅವನು ಮೊದಲ ಮಾಲನ್ನು ಇಟ್ಟುಕೊಂಡ. ಎರಡನೆಯ ಸಲ ಮಾಲು ಕೊಡಲು ಹೋದಾಗ ರಂಜನಿ ಅಂಗಡಿಯ ಪಕ್ಕದಲ್ಲಿ ನಿಂತು ಚೀಲ ಬಿಚ್ಚುತ್ತಿದ್ದಳು. ಚಿಂಚೋಳಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸು ಬಂದು, ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ, “ಒಂದು ರಂಜನಿ ಕೊಡ್ರಿ, ಶೇಂಗಾದ್ದು” ಎಂದಳು. ಕೊಂಡಳು, ಹೋದಳು. ಹಿಂದಿರುಗಿ ಕೂಡ ನೋಡಲಿಲ್ಲ. ರಂಜನಿ ಚೀಲ ಹಿಡಿದುಕೊಂಡು ಹಾಗೇ ನಿಂತಳು. ಬಯಸಿದ್ದು ಬಯಸಿದ ಹಾಗೆಯೇ ಆಗಿತ್ತು. ಎಷ್ಟೋ ಜನರಿಗೆ ಅದು ಆಗುವುದಿಲ್ಲ.

ಇದನ್ನು ಯಾರಿಗಾದರೂ ಹೇಳಬೇಕು ಎಂದು ಜೀವ ತಹತಹಿಸಿತು. ಯಾರಿಗೆ ಎಂದು ಯೋಚಿಸಿದರೆ ಕಣ್ಮುಂದೆ ಬಂದದ್ದು ಅಮೃತಮ್ಮನ ಮುಖ. ಗಾಡಿ ವಾಡಿಯಲ್ಲಿ ಬಹಳ ಹೊತ್ತು ನಿಂತಾಗ ಕುಂತಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಅಮೃತಮ್ಮ ಪೂರ್ತಿ ಕೇಳಿ, “ಛಲೋ ಆತು ರಂಜನಿ. ಕೈಕಾಲು ತೊಳ್ಕೊ” ಎಂದಳು. ತಪ್ಪೇನಿತ್ತು ಆ ಮಾತಿನಲ್ಲಿ? ಏನೂ ಇಲ್ಲ. ಪಕ್ಕದ ಮನೆಯ ಸೊಸೆಗೆ ಹೇಳುವಷ್ಟು ಒಳ್ಳೆಯ ರೀತಿಯಲ್ಲೇ ಹೇಳಿದ್ದಳು.

ಅಂದಿನಿಂದ ಅಮೃತಮ್ಮ ಒಂದು ಸಲವೂ ತಪ್ಪಲಿಲ್ಲ. ಇಷ್ಟು ವಯಸ್ಸಿನಲ್ಲಿ ನಾಲಿಗೆ ತಿರುಗಿಸಿಕೊಂಡು, ಕೊಟ್ಟ ಮಾತು ನಡೆಸುವವಳಂತೆ, ರಂಜನಿ ಎಂದೇ ಕರೆಯುತ್ತಿದ್ದಳು. ಹಿಂಡಿಗೆ ಕಾರೆಳ್ಳು ಹುರಿದು ಕೊಡುತ್ತಿದ್ದಳು, ಉಪ್ಪು ನೋಡಿ ಹೇಳುತ್ತಿದ್ದಳು, ಕುಟ್ಟುವ ಮಷೀನು ಬಂದಾಗ ಅದಕ್ಕೂ ಊದಿನಕಡ್ಡಿ ಹಚ್ಚಿದಳು. ಆದರೆ ಎದ್ದಿಯೇನ, ಉಂಡಿಯೇನ ಎಂಬ ಮಾತು ನಿಂತುಹೋಯಿತು. ಅವಳ ಬಾಯಲ್ಲಿ ಆ ಮಾತುಗಳು ‘ಶರಣೂ’ ಎಂಬ ಕೂಗಿನ ಜೊತೆಗೇ ಬರುತ್ತಿದ್ದವು, ಕೂಗು ಹೋದ ಮೇಲೆ ಅವೂ ಬರಲಿಲ್ಲ.

ಹಿಂದೊಮ್ಮೆ ರಂಜನಿಗೆ ಟೈಫಾಯ್ಡ್ ಆಗಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಗ, ಅಮೃತಮ್ಮ ತಲೆದೆಸೆಯಲ್ಲಿ ಕುಳಿತು ಶರಣೂ, ಶರಣೂ ಎಂದು ಕರೆಯುತ್ತಲೇ ಇದ್ದಳಂತೆ. ಜ್ವರದಲ್ಲಿ ಹೋದ ಮಗಳನ್ನು ಕರೆಯುತ್ತಿದ್ದಾಳೆ ಎಂದೇ ರಂಜನಿ ಆಗ ತಿಳಿದಿದ್ದಳು. ಈಗ ಪಾಕೀಟು ಕಟ್ಟುತ್ತ ಕುಳಿತಾಗ ಆ ಧ್ವನಿ ನೆನಪಾಗುತ್ತಿತ್ತು. ಕರೆದದ್ದು ಯಾರನ್ನು? ಔಷಧ ಕುಡಿಸಿದ್ದು ಯಾರಿಗೆ, ಬೆವರೊರೆಸಿದ್ದು ಯಾರ ಹಣೆಯದು? ಹದಿನೈದು ವರ್ಷ ಬೇರೆಯವಳದೆಂದು ಪಕ್ಕಕ್ಕೆ ಸರಿಸಿಟ್ಟದ್ದರಲ್ಲಿ ತನ್ನ ಪಾಲೆಷ್ಟಿತ್ತೋ ಎಂದು ಲೆಕ್ಕ ಸಿಗದೆ ಒದ್ದಾಡುತ್ತಿದ್ದಳು. ರಂಜೂ ಎಂಬ ಕರೆಗೆ ಹಂಬಲಿಸಿದಷ್ಟೇ ಈಗ ಶರಣೂ ಎಂಬ ಕರೆಗೂ ಹಂಬಲಿಸತೊಡಗಿದಳು. ಅದನ್ನು ಹೋಗಿ ಕೇಳುವುದು ಹೇಗೆ? ಕೊಟ್ಟುಬಿಟ್ಟದ್ದಲ್ಲವೇ.

ಸಿದ್ಧಲಿಂಗನಿಗೂ ಮನೆಯ ಮೌನ ತಟ್ಟಿತ್ತು. ಒಂದು ದಿನ ತಾಯಿಯ ಮುಂದೆ ಕುಳಿತು, ತಂಗಿಯ ಹೆಸರನ್ನು ಒಳ್ಳೆಯ ಕಲ್ಲಿಗೆ ಕೆತ್ತಿಸಿ ಗೋರಿಗೆ ಕೂಡಿಸುತ್ತೇನೆ, ನಮ್ಮೂರಲ್ಲಿ ಕಲ್ಲಿಗೇನು ಬರ ಎಂದ. ಅಮೃತಮ್ಮ ತೊಗರಿ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು.

“ಬರಸು, ಬ್ಯಾಡ ಅನ್ನಲ್ಲ,” ಎಂದಳು. “ಆದ್ರ ಕಲ್ಲು ಕರದ್ರ ಓ ಅಂತದೇನಪಾ?”

ಒಳಗೆ ರೊಟ್ಟಿ ಬಡಿಯುತ್ತಿದ್ದ ರಂಜನಿಯ ಕೈ ನಿಂತಿತು. ಮುದುಕಿ ಹದಿನೈದು ವರ್ಷ ಬಯಸಿದ್ದು ಏನೆಂದು ಅವಳಿಗೆ ಆಗ ತಿಳಿಯಿತು.

ಅದಾದ ಕೆಲವು ದಿನಗಳ ಮೇಲೆ, ಚಿಂಚೋಳಿಗೆ ಮಾಲು ಕಳಿಸಿ ರಂಜನಿ ಮನೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಒಲೆ ಹಚ್ಚಿದಳು. ಅವಳು ಬಂದದ್ದು ಅಮೃತಮ್ಮನಿಗೆ ಗೊತ್ತಾಗಿರಲಿಲ್ಲ. ಮುಂದಿನ ಕಟ್ಟೆಯ ಮೇಲೆ ಒಬ್ಬಳೇ ಕುಳಿತು ರಸ್ತೆಯ ಕಡೆ ನೋಡುತ್ತಿದ್ದಳು. ಆಟ ಮುಗಿಸಿದ ಮಕ್ಕಳು ಮನೆಗಳಿಗೆ ಹೋಗುವ ಹೊತ್ತು. ಮುದುಕಿ ಮೆಲ್ಲಗೆ, ಯಾರಿಗೂ ಕೇಳದಿರಲಿ ಎನ್ನುವಂತೆ ಕರೆದಳು.

“ಶರಣೂ.”

“ಓ,” ಎಂದಳು ರಂಜನಿ. ಬಾಯಿ ತಡೆಯುವ ಮೊದಲೇ ಬಂದಿತ್ತು. ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮುಂದಿನ ಬಾಗಿಲಿಗೆ ಬಂದು ನಿಂತಳು.

ಅಮೃತಮ್ಮ ಕಳವಿನಲ್ಲಿ ಸಿಕ್ಕಿಬಿದ್ದವಳಂತೆ ಮುಖ ತಗ್ಗಿಸಿದಳು. “ನಿನ್ನ ಕರ್ದಿಲ್ಲವಾ, ಆಕೀನ್ನ ಕರ್ದೆ.”

“ಗೊತ್ತದರಿ ಅತ್ತಿ,” ಎಂದಳು ರಂಜನಿ. “ಆಕಿ ಭಾಳ ದೂರ ಹೋಗ್ಯಾಳ. ಅಲ್ಲೀತನಕ ಕೇಳ್ಸಲ್ಲ. ಅದಕ್ಕ ನಾ ಓ ಅಂದೆ.”

ಮುದುಕಿ ಅವಳ ಮುಖವನ್ನೇ ನೋಡಿದಳು. ರಂಜನಿ ಪಕ್ಕದಲ್ಲಿ ಬಂದು ಕುಳಿತಳು. ವಾಡಿ ಕಡೆಗೆ ಹೋಗುವ ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತ ಹೋಯಿತು.

ಆಮೇಲೆ ಅಮೃತಮ್ಮ ಮತ್ತೊಮ್ಮೆ ಕರೆದಳು.